ಬಜ್ಜಿಗೆ ಮಜ್ಜಿಗೆ, ಹಪ್ಪಳಕ್ಕೆ ಕಬ್ಬಿನ ಹಾಲು: ವಸ್ತು ಪ್ರದರ್ಶನದಲ್ಲಿ ಯಾವ ತಿಂಡಿಗೆ ಏನು ಕುಡಿಯಬೇಕು?

ಮೈಸೂರಿನ ದಸರಾ ವಸ್ತು ಪ್ರದರ್ಶನಕ್ಕೆ ಹೋಗುವ ಬಹಳ ಜನಕ್ಕೆ ಮಳಿಗೆಗಳು ಒಂದು ನೆಪ. ಒಂದು ಸುತ್ತು ಹಾಕುತ್ತಾರೆ, ಮಕ್ಕಳನ್ನು ಜೈಂಟ್ ವೀಲ್ ಹತ್ತಿಸುತ್ತಾರೆ, ಆಮೇಲೆ ಕಾಲು ತಾನಾಗೇ ತಿಂಡಿ ಸಾಲಿನ ಕಡೆ ತಿರುಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಹತ್ತನೇ ಚಾಮರಾಜ ಒಡೆಯರ್ 1880ರಲ್ಲಿ ಶುರು ಮಾಡಿದ ಪ್ರದರ್ಶನ ಇದು. ದೊಡ್ಡಕೆರೆ ಮೈದಾನದಲ್ಲಿ ದಸರಾ ಹೊತ್ತಿಗೆ ಬಾಗಿಲು ತೆರೆದರೆ ಜಂಬೂಸವಾರಿ ಮುಗಿದ ಮೇಲೂ ವಾರಗಟ್ಟಲೆ ನಡೆಯುತ್ತದೆ. ದೆಹಲಿ ಹಪ್ಪಳ, ಮೆಣಸಿನಕಾಯಿ ಬಜ್ಜಿ, ಚುರುಮುರಿ, ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿ ಇಲ್ಲದೆ ಈ ಪ್ರದರ್ಶನವನ್ನು ನೆನೆಸಿಕೊಳ್ಳುವುದೇ ಕಷ್ಟ.

ತಿಂಡಿ ಆರಿಸುವಾಗ ನಾವು ಹತ್ತು ಅಂಗಡಿ ನೋಡುತ್ತೇವೆ. ಎಣ್ಣೆ ಹೇಗಿದೆ, ಜನ ಎಷ್ಟಿದ್ದಾರೆ, ಬಿಸಿಬಿಸಿ ಕರೀತಾ ಇದ್ದಾರಾ ಅಂತ ವಿಚಾರಿಸುತ್ತೇವೆ. ಕುಡಿಯುವ ವಿಷಯ ಬಂದಾಗ ಮಾತ್ರ ಫ್ರಿಜ್‌ನಲ್ಲಿ ಎದುರಿಗೆ ಕಾಣುವ ಕೋಲಾ ಬಾಟಲಿಯೇ ಗತಿ. ಒಳ್ಳೆ ಬಜ್ಜಿಯ ರುಚಿ ಹಾಳಾಗುವುದು ಅಲ್ಲೇ. ಜೊತೆಗೆ ಕುಡಿಯುವುದನ್ನು ಸ್ವಲ್ಪ ಯೋಚಿಸಿ ಆರಿಸಿದರೆ ಅದೇ ದುಡ್ಡಿಗೆ, ಅದೇ ತಿಂಡಿಗೆ ಎರಡರಷ್ಟು ರುಚಿ ಸಿಗುತ್ತದೆ. ಆ ಆಯ್ಕೆ ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ಈ ಲೆಕ್ಕ ಪ್ರದರ್ಶನಕ್ಕೆ ಮಾತ್ರ ಅಲ್ಲ, ನಿಮ್ಮೂರ ಜಾತ್ರೆಗೂ ನಡೆಯುತ್ತದೆ.

ಹಂತ 1: ಬಾಯಲ್ಲಿ ಏನು ಉಳಿಯುತ್ತದೆ ನೋಡಿ

ತಿಂಡಿ ನುಂಗಿದ ಮೇಲೆ ಬಾಯಲ್ಲಿ ಏನು ಉಳಿದಿದೆ ಅಂತ ಒಂದು ಕ್ಷಣ ಗಮನಿಸಿ. ಎಣ್ಣೆಯ ಜಿಡ್ಡಾ? ಖಾರದ ಉರಿಯಾ? ಉಪ್ಪಾ? ಸಿಹಿಯಾ? ನೀವು ಕುಡಿಯುವುದು ಅದನ್ನು ತೊಳೆದು, ಮುಂದಿನ ತುತ್ತಿಗೆ ನಾಲಿಗೆಯನ್ನು ಸಿದ್ಧ ಮಾಡಬೇಕು.

ಜಿಡ್ಡಿಗೆ ಹುಳಿ ಇಲ್ಲವೇ ಒಗರು ಬೇಕು. ನಿಂಬೆ, ಮಜ್ಜಿಗೆ, ಟೀ ಈ ಕೆಲಸ ಮಾಡುತ್ತವೆ. ಖಾರಕ್ಕೆ ಹಾಲಿನ ಅಂಶ ಇರುವುದು ಬೇಕು. ಉಪ್ಪು ಜಾಸ್ತಿ ಇರುವ ತಿಂಡಿಗೆ ಸಿಹಿ ಒಪ್ಪುತ್ತದೆ. ಸಿಹಿ ತಿಂಡಿಯ ಜೊತೆ ಸಿಹಿ ಪಾನೀಯ ಮಾತ್ರ ಬೇಡ. ಮೊದಲು ತಿಂದ ಸಕ್ಕರೆ ನಾಲಿಗೆಯನ್ನು ತುಂಬಿಕೊಂಡಿರುತ್ತದೆ, ಆಮೇಲೆ ಕುಡಿದ ಜ್ಯೂಸ್ ಹುಳಿಹುಳಿ, ಸಪ್ಪೆ ಅನ್ನಿಸುತ್ತದೆ.

ಇನ್ನೊಂದು ಮಾತು. ತಿಂಡಿಯಲ್ಲಿ ಈಗಾಗಲೇ ಇರುವುದನ್ನೇ ಲೋಟದಲ್ಲೂ ಕೊಳ್ಳಬೇಡಿ. ನಿಂಬೆ ಹಿಂಡಿದ ಚುರುಮುರಿ ಜೊತೆ ನಿಂಬೆ ಶರಬತ್ತು ಕುಡಿದರೆ ಎರಡರ ನಿಂಬೆಯೂ ಮಂಕಾಗುತ್ತದೆ.

ಹಂತ 2: ಮೊದಲು ಆಟ, ಆಮೇಲೆ ಊಟ

ಕೊಲಂಬಸ್, ಬ್ರೇಕ್ ಡ್ಯಾನ್ಸ್, ಜೈಂಟ್ ವೀಲ್ ಇವೆಲ್ಲ ಮುಗಿಸಿಕೊಂಡೇ ತಿಂಡಿ ಸಾಲಿಗೆ ಬನ್ನಿ. ತೂಗುವಾಗ ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು ಹೇಳುತ್ತದೆ. ಆ ಗೊಂದಲದಿಂದಲೇ ಹೊಟ್ಟೆ ತೊಳಸುವುದು. ಅದರ ಜೊತೆಗೆ ಹೊಟ್ಟೆಯಲ್ಲಿ ಸೋಡಾದ ಗ್ಯಾಸೋ, ತುಂಬಿದ ಹಾಲೋ ಇದ್ದರೆ ಆಮೇಲೆ ಅನುಭವಿಸುವುದು ನೀವೇ. ಮಕ್ಕಳು ತಿಂದ ಮೇಲೆ ಮತ್ತೆ ಆಡಬೇಕು ಅಂತ ಹಟ ಮಾಡಿದರೆ ಕಡೇಪಕ್ಷ ಒಂದು ಗಂಟೆ ಮಳಿಗೆ ಸುತ್ತಿಸಿ.

ಆಟ ಆಡಿ ಇಳಿದ ಕೂಡಲೇ ಕುಡಿಯಲು ಒಳ್ಳೆಯದು ಶುಂಠಿ ಹಾಕಿದ ನಿಂಬೆ ಶರಬತ್ತು. ಸೋಡಾ ಬೇಡ, ನೀರಿನದೇ ಇರಲಿ. ವಾಕರಿಕೆಗೆ ಶುಂಠಿ ಒಳ್ಳೆಯದು ಅಂತ ಅಜ್ಜಿಯರು ಹೇಳುತ್ತಿದ್ದದ್ದನ್ನು ಇವತ್ತು ವೈದ್ಯರೂ ಒಪ್ಪುತ್ತಾರೆ. ಚಿಟಿಕೆ ಉಪ್ಪು ಹಾಕಿಸಿಕೊಳ್ಳಿ, ಕಿರುಚಾಡಿ ಬೆವರಿರುತ್ತೀರಿ.

ಇದೇ ಹಂತದಲ್ಲಿ ಇನ್ನೊಂದು ಕೆಲಸ ಮಾಡಿ. ಶೌಚಾಲಯ ಎಲ್ಲಿದೆ ಅಂತ ನೋಡಿಕೊಳ್ಳಿ. ಎಷ್ಟೋ ಹೆಂಗಸರು ಶೌಚಾಲಯದ ಭಯಕ್ಕೇ ಇಡೀ ಸಂಜೆ ಒಂದು ಗುಟುಕೂ ಕುಡಿಯದೆ ಖಾರ ತಿನ್ನುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಜಾಗ ಮೊದಲೇ ಗೊತ್ತಿದ್ದರೆ ಮನಸ್ಸು ನಿರಾಳವಾಗಿರುತ್ತದೆ.

ಹಂತ 3: ಚುರುಮುರಿಯಿಂದ ಶುರು ಮಾಡಿ, ಜೊತೆಗೆ ಎಳನೀರು

ಕರಿದದ್ದಕ್ಕೆ ಮೊದಲು ಚುರುಮುರಿ ತಿನ್ನಿ. ಹಗುರ, ಹಸಿವು ಕೆರಳಿಸುತ್ತದೆ. ಮಂಡಕ್ಕಿ, ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ, ಖಾರ, ತೆಂಗಿನೆಣ್ಣೆ, ಕೊನೆಗೆ ನಿಂಬೆ. ಇದರಲ್ಲಿ ಹುಳಿ ಇದೆ, ಉಪ್ಪಿದೆ, ಖಾರ ಇದೆ, ಹಸಿ ಈರುಳ್ಳಿಯ ಘಾಟೂ ಇದೆ. ಇಲ್ಲದ್ದು ಒಂದೇ, ಮೆಲುವಾದ ಸಿಹಿ. ಅದನ್ನು ಎಳನೀರು ಕೊಡುತ್ತದೆ. ತೆಂಗಿನೆಣ್ಣೆಯ ಪರಿಮಳಕ್ಕೂ ಎಳನೀರಿಗೂ ಒಂದೇ ಮರದ ನಂಟು, ಬಾಯಲ್ಲಿ ಎರಡೂ ಕೂಡಿಕೊಳ್ಳುತ್ತವೆ.

ಎಳನೀರನ್ನು ಕೊಚ್ಚಿದ ಕೂಡಲೇ ಕುಡಿಯಿರಿ. ಗಂಜಿ ಇರುವ ಕಾಯಿ ಕೇಳಿ, ಕುಡಿದ ಮೇಲೆ ಸೀಳಿಸಿ ತಿನ್ನಿ.  ಎಳನೀರು ಸಿಗದಿದ್ದರೆ ಬರೀ ನೀರು ಸಾಕು.

ಹಂತ 4: ಮೆಣಸಿನಕಾಯಿ ಬಜ್ಜಿ, ಇದಕ್ಕೆ ಮಜ್ಜಿಗೆಯೇ ಬೇಕು

ಇಡೀ ಸಂಜೆಯ ಮುಖ್ಯ ಜೋಡಿ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬಜ್ಜಿ ಬಾಣಲೆಯಿಂದ ಬಂದ ಮೇಲೆ ಅಂಗಡಿಯವರು ಅದನ್ನು ಉದ್ದಕ್ಕೆ ಸೀಳುತ್ತಾರೆ. ಬಿಸಿ ಹಬೆ ಏಳುತ್ತಿರುವಾಗಲೇ ಒಳಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ತುಂಬಿ, ಮೇಲೆ ಖಾರದ ಪುಡಿ ಉದುರಿಸಿ, ನಿಂಬೆ ಹಿಂಡಿ ಕೊಡುತ್ತಾರೆ. ಮೊದಲ ಕಡಿತಕ್ಕೆ ಕಡಲೆಹಿಟ್ಟಿನ ಗರಿಗರಿ, ಎರಡನೆಯದಕ್ಕೆ ಈರುಳ್ಳಿಯ ತಂಪು. ಮೂರನೆಯದಕ್ಕೆ ಮೆಣಸಿನಕಾಯಿ ಸಿಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ.

ಆಗ ನೀರು ಕುಡಿದರೆ ಉಪಯೋಗ ಇಲ್ಲ. ಮೆಣಸಿನಕಾಯಿಯಲ್ಲಿ ಖಾರ ಹುಟ್ಟಿಸುವ ವಸ್ತು ಕ್ಯಾಪ್ಸೈಸಿನ್. ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ ಅದು ಜಾಸ್ತಿ. ಅದು ನೀರಿನಲ್ಲಿ ಕರಗುವುದಿಲ್ಲ. ನೀರು ಕುಡಿದರೆ ಖಾರ ಬಾಯಿ ತುಂಬ ಹರಡುತ್ತದೆ, ಅಷ್ಟೆ. ಹಾಲು, ಮಜ್ಜಿಗೆಯಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಂಡು ನಾಲಿಗೆಯಿಂದ ಬಿಡಿಸುತ್ತದೆ. ಮಜ್ಜಿಗೆಯ ಹುಳಿ ಎಣ್ಣೆ ಜಿಡ್ಡನ್ನೂ ಕಳೆಯುತ್ತದೆ. ಖಾರ, ಜಿಡ್ಡು ಎರಡಕ್ಕೂ ಒಂದೇ ಲೋಟ.

ಕೋಲಾ, ಸೋಡಾ ಇಲ್ಲಿ ಬೇಡವೇ ಬೇಡ. ಗ್ಯಾಸ್ ಇರುವ ಪಾನೀಯದ ಚುರುಚುರು ನಾಲಿಗೆಯ ನೋವಿನ ನರಗಳನ್ನೇ ತಟ್ಟುತ್ತದೆ. ಉರಿಯುತ್ತಿರುವ ಬಾಯಿಗೆ ಅದು ಇನ್ನಷ್ಟು ಉರಿ.

ಬಜ್ಜಿಗೆ ಟೀ ಅಲ್ವಾ ಜೋಡಿ ಅಂತ ನೀವು ಕೇಳಬಹುದು. ಬಾಳೆಕಾಯಿ, ಆಲೂಗಡ್ಡೆ, ಈರುಳ್ಳಿ ಬಜ್ಜಿಗೆ ಖಂಡಿತ ಟೀಯೇ ಸರಿ. ಟೀಯ ಒಗರು ಎಣ್ಣೆಯನ್ನು ಚೆನ್ನಾಗಿ ಕಳೆಯುತ್ತದೆ. ಆದರೆ ಖಾರದ ಮೆಣಸಿನಕಾಯಿಯ ಲೆಕ್ಕ ಬೇರೆ. ಬಿಸಿಯನ್ನು ಗುರುತಿಸುವ ನರಗಳನ್ನೇ ಖಾರವೂ ಕೆಣಕುತ್ತದೆ. ಹಾಗಾಗಿ ಖಾರದ ಮೇಲೆ ಸುಡು ಟೀ ಕುಡಿದರೆ ಟೀ ಇದ್ದದ್ದಕ್ಕಿಂತ ಬಿಸಿ ಅನ್ನಿಸುತ್ತದೆ, ಖಾರ ಇದ್ದದ್ದಕ್ಕಿಂತ ಖಾರ ಅನ್ನಿಸುತ್ತದೆ. ಮೆಣಸಿನಕಾಯಿ ಬಜ್ಜಿಗೂ ಟೀ ಬೇಕೇ ಬೇಕು ಅನ್ನುವವರು ಬಜ್ಜಿ ಮುಗಿಸಿ, ಉರಿ ಇಳಿದ ಮೇಲೆ ಕುಡಿಯಿರಿ.

ತಣ್ಣನೆಯ ಬಾದಾಮಿ ಹಾಲೂ ಖಾರವನ್ನು ಚೆನ್ನಾಗಿ ಇಳಿಸುತ್ತದೆ. ಆದರೆ ಮನೆಯ ಹಿರಿಯರು ಒಪ್ಪುವುದಿಲ್ಲ. ಉಪ್ಪು, ಹುಳಿಯ ಜೊತೆ ಹಾಲು ಸೇರಬಾರದು, ಅದು ವಿರುದ್ಧ ಆಹಾರ ಅನ್ನುತ್ತಾರೆ. ಅವರ ಮಾತು ಮೀರುವ ಅಗತ್ಯವೂ ಇಲ್ಲ, ಮಜ್ಜಿಗೆ ಇದೆಯಲ್ಲ.

ನಂದಿನಿ ಮಸಾಲೆ ಮಜ್ಜಿಗೆ ಪ್ಯಾಕೆಟ್ ಮೈಸೂರಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಇನ್ನೂ ಒಳ್ಳೆಯದು ಬೇಕಿದ್ದರೆ ಮನೆಯಲ್ಲೇ ಮಾಡಿ, ಫ್ಲಾಸ್ಕ್‌ನಲ್ಲಿ ತನ್ನಿ. ನಾಲ್ಕು ಜನಕ್ಕೆ ಆಗುವಷ್ಟು ಹೀಗೆ ಮಾಡಿ:

1 ಲೋಟ ಮೊಸರು ತೆಗೆದುಕೊಳ್ಳಿ. ತುಂಬ ಹುಳಿ ಬಂದಿರಬಾರದು. ಬೆರಳ ಗಿಣ್ಣಿನಷ್ಟು ಶುಂಠಿ, ನಾಲ್ಕು ಎಸಳು ಕರಿಬೇವು, ಸ್ವಲ್ಪ ಕೊತ್ತಂಬರಿ ಸೊಪ್ಪನ್ನು ಕುಟ್ಟಾಣಿಯಲ್ಲಿ ಜಜ್ಜಿ. ಹಸಿಮೆಣಸಿನಕಾಯಿ ಹಾಕಬೇಡಿ, ಖಾರ ಇಳಿಸುವುದಕ್ಕೆ ತಾನೇ ಕುಡಿಯುತ್ತಿರುವುದು? ಮೊಸರಿಗೆ ಜಜ್ಜಿದ್ದನ್ನು ಹಾಕಿ ಕಡೆಯಿರಿ, ಆಮೇಲೆ 2 ಲೋಟ ತಣ್ಣೀರು ಬೆರೆಸಿ. ತುಂಬಾ ನೀರು ಮಾಡಿದರೆ ಹಾಲಿನ ಅಂಶ ಕಮ್ಮಿಯಾಗಿ ಖಾರ ಇಳಿಯುವುದಿಲ್ಲ. ಚಿಟಿಕೆ ಇಂಗು ಹಾಕಿ. ಬಜ್ಜಿಯಲ್ಲಿ ಉಪ್ಪು ಇದ್ದೇ ಇರುತ್ತದೆ, ಮಜ್ಜಿಗೆಗೆ ಕಮ್ಮಿ ಹಾಕಿ. ಸೋಸಿ, ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು ಫ್ಲಾಸ್ಕ್‌ಗೆ ತುಂಬಿ.

ಕುಡಿಯುವಾಗ ಗಟಗಟ ಇಳಿಸಬೇಡಿ. ಒಂದು ಗುಟುಕನ್ನು ಬಾಯಲ್ಲಿ ಐದಾರು ಸೆಕೆಂಡು ಹಿಡಿದು, ನಾಲಿಗೆ ಮೇಲೆ ಆಡಿಸಿ ನುಂಗಿ. ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ಹಂತ 5: ದೆಹಲಿ ಹಪ್ಪಳಕ್ಕೆ ಕಬ್ಬಿನ ಹಾಲು

ತಟ್ಟೆಗಿಂತ ದೊಡ್ಡ ಹಪ್ಪಳ, ಮೇಲೆ ಕೆಂಪು ಮಸಾಲೆ ಪುಡಿ. ಎರಡೂ ಕೈಯಲ್ಲಿ ಹಿಡಿದು, ಅಂಚಿನಿಂದ ಮುರಿಯುತ್ತಾ ನಡೆಯುವುದೇ ಪ್ರದರ್ಶನದ ಸಂಭ್ರಮ. ಇದರ ಗುಣ ಬಜ್ಜಿಯದಲ್ಲ. ಖಾರ ಮೇಲುಮೇಲೆ ಇರುತ್ತದೆ, ಬೇಗ ಹೋಗುತ್ತದೆ. ಬಾಯಲ್ಲಿ ಉಳಿಯುವುದು ಉಪ್ಪು, ಎಣ್ಣೆ, ಒಣಗಿದ ಅನುಭವ. ಹಪ್ಪಳ ಬಾಯಿಯ ಪಸೆಯನ್ನೆಲ್ಲ ಹೀರಿಬಿಡುತ್ತದೆ.

ಇಲ್ಲಿ ಸಿಹಿ ಬೇಕು, ಜೊತೆಗೆ ಹುಳಿ ಬೇಕು. ನಿಂಬೆ, ಶುಂಠಿ ಹಾಕಿದ ಕಬ್ಬಿನ ಹಾಲಿನಲ್ಲಿ ಎರಡೂ ಇವೆ. ಪಕ್ಕದ ಮಂಡ್ಯ ಕಬ್ಬಿನ ಸೀಮೆ, ಹಾಗಾಗಿ ಮೈಸೂರಿನಲ್ಲಿ ಒಳ್ಳೆ ಜಲ್ಲೆಗೆ ಬರ ಇಲ್ಲ. ಗಾಣದ ಮುಂದೆ ನಿಂತು ನೋಡಿ. ಮೊದಲು ಬರೀ ಜಲ್ಲೆ ಹಿಂಡುತ್ತಾರೆ, ಆಮೇಲೆ ಅದನ್ನೇ ಮಡಚಿ, ನಡುವೆ ನಿಂಬೆಹೋಳು, ಶುಂಠಿ ತುಂಡು ಇಟ್ಟು ಮತ್ತೆ ಕೊಡುತ್ತಾರೆ. ನಿಂಬೆ ಸಿಪ್ಪೆಯ ಎಣ್ಣೆಯೂ ರಸಕ್ಕೆ ಇಳಿಯುತ್ತದೆ, ಆ ಪರಿಮಳವೇ ಬೇರೆ. ಶುಂಠಿ ಇನ್ನೊಂದು ಚೂರು ಹಾಕಿ ಅಂತ ಕೇಳಿ, ಹಪ್ಪಳಕ್ಕೆ ಅದು ಬೇಕು.

ಮೂರು ವಿಷಯ ನೆನಪಿಡಿ. ನಿಮ್ಮ ಎದುರಿಗೇ ಹಿಂಡಿಸಿ. ಹಿಂಡಿದ ಹಾಲು ಗಾಳಿಗೆ ಸಿಕ್ಕಿದ ಕೂಡಲೇ ಕಪ್ಪಾಗತೊಡಗುತ್ತದೆ, ರುಚಿಯೂ ಕೆಡುತ್ತದೆ. ಐಸ್ ಹಾಕಿಸಬೇಡಿ, ಯಾವ ನೀರಿನಿಂದ ಮಾಡಿದ್ದು ಅಂತ ಯಾರಿಗೆ ಗೊತ್ತು? ನೊಣ ಮುತ್ತಿರುವ ಗಾಣವಾದರೆ ಸುಮ್ನೆ ಮುಂದೆ ಹೋಗಿ.

ಕಬ್ಬಿನ ಹಾಲು ಇಷ್ಟ ಇಲ್ಲದವರು ನಿಂಬೆ ಶರಬತ್ತು ತೆಗೆದುಕೊಳ್ಳಿ. ಸಾಲ್ಟಾ, ಸ್ವೀಟಾ ಅಂತ ಕೇಳುತ್ತಾರೆ. ಹಪ್ಪಳದ ಜೊತೆಗಾದರೆ ಸ್ವೀಟ್ ಅನ್ನಿ. ಉಪ್ಪಿನ ಮೇಲೆ ಉಪ್ಪು ಬಿದ್ದರೆ ಬಾಯಾರಿಕೆ ಇನ್ನೂ ಜಾಸ್ತಿಯಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಕಬ್ಬಿನ ಹಾಲಿನ ಕಡೆ ಹೋಗದೆ, ಸಕ್ಕರೆ ಇಲ್ಲದ ನಿಂಬೆ ನೀರನ್ನೇ ಕುಡಿಯುವುದು ಒಳ್ಳೆಯದು. ಹಪ್ಪಳವನ್ನೂ ಹಂಚಿಕೊಂಡು ತಿನ್ನಿ.

ಹಂತ 6: ಗೋಬಿ ಮಂಚೂರಿಗೆ ಜೀರಾ ಸೋಡಾ

ಸೋಡಾಗೆ ಇಲ್ಲಿ ಜಾಗ ಇದೆ. ಗೋಬಿ ಮಂಚೂರಿಯಲ್ಲಿ ಮುಂದೆ ನಿಲ್ಲುವುದು ಖಾರ ಅಲ್ಲ. ಸೋಯಾ ಸಾಸ್‌ನ ಉಪ್ಪು, ಬೆಳ್ಳುಳ್ಳಿ, ಕರಿದ ಮೈದಾ ಹಿಟ್ಟು, ಮೇಲೆ ಅಂಟಂಟು ಸಾಸ್. ಈ ಭಾರವನ್ನು ಗ್ಯಾಸ್‌ನ ಚುರುಕು ಎಬ್ಬಿಸುತ್ತದೆ, ಜೀರಿಗೆಯ ಘಮ ಬೆಳ್ಳುಳ್ಳಿಯ ಜೊತೆ ಹೊಂದಿಕೊಳ್ಳುತ್ತದೆ. ಗೋಲಿ ಸೋಡಾ ಕಂಡರೆ ಅದನ್ನೇ ಕೊಳ್ಳಿ. ಹೈರಮ್ ಕಾಡ್ ಎಂಬ ಇಂಗ್ಲಿಷಿನವ 1872ರಲ್ಲಿ ಈ ಬಾಟಲಿಗೆ ಪೇಟೆಂಟ್ ಪಡೆದ. ಒಳಗಿನ ಗ್ಯಾಸೇ ಗೋಲಿಯನ್ನು ಬಾಟಲಿಯ ಕುತ್ತಿಗೆಗೆ ಒತ್ತಿ ಹಿಡಿದು ಬಿರಡೆಯ ಕೆಲಸ ಮಾಡಿಸುತ್ತದೆ. ಹೆಬ್ಬೆರಳಿಂದ ಒತ್ತಿದಾಗ ಬರುವ ಸದ್ದಿಗೇ ಮಕ್ಕಳು ಕುಣಿಯುತ್ತಾರೆ.

ಬಣ್ಣದ ವಿಷಯ ಇಲ್ಲಿ ಹೇಳಲೇಬೇಕು. ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ರೋಡಮಿನ್-ಬಿ ಥರದ ಬಣ್ಣಗಳು ಸಿಕ್ಕಿದ್ದವು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹೋಗಬಾರದ್ದು. ಗೋಬಿ ಹೊಳೆಯುವ ಕೆಂಪಗಿದ್ದರೆ ಬೇಡ. ಕಂದು ಬಣ್ಣದ್ದು ನೋಡಲು ಸಪ್ಪೆ ಅನ್ನಿಸಿದರೂ ಅದನ್ನೇ ಕೇಳಿ ತಿನ್ನಿ. ಲೋಟಕ್ಕೂ ಇದೇ ಕಣ್ಣಿರಲಿ. ಕಣ್ಣು ಕುಕ್ಕುವ ಹಸಿರು, ನೀಲಿ ಶರಬತ್ತುಗಳನ್ನು ಮಕ್ಕಳಿಗೆ ಕೊಡಿಸಬೇಡಿ.

ಹಂತ 7: ಉಳಿದ ಸಣ್ಣಪುಟ್ಟವು

ಪಾನಿಪುರಿಗೆ ಬೇರೆ ಪಾನೀಯ ಬೇಡ, ಪಾನಿಯೇ ಅದರ ಪಾನೀಯ. ಮುಗಿದ ಮೇಲೆ ದೊನ್ನೆಗೆ ಇನ್ನೊಂದು ಸ್ವಲ್ಪ ಪಾನಿ ಕೇಳಿ ಕುಡಿದರೆ ಆಯಿತು. ಆದರೆ ಆ ನೀರು ಶುದ್ಧ ಅನ್ನುವ ನಂಬಿಕೆ ಇರುವ ಅಂಗಡಿಯಲ್ಲಿ ಮಾತ್ರ. ಮಸಾಲೆ ಪುರಿಗೆ ಮತ್ತೆ ಮಜ್ಜಿಗೆ. ಬೆಣ್ಣೆ ಹಚ್ಚಿದ ಜೋಳಕ್ಕೆ ಶುಂಠಿ ಟೀ. ಪಾಪ್‌ಕಾರ್ನ್‌ಗೆ ನೀರು. ಬೇಯಿಸಿದ ಕಡಲೆಕಾಯಿಗೆ ಸುಕ್ಕಿನ (ಒಣಶುಂಠಿಯ) ಕಾಫಿ ಸಿಕ್ಕರೆ ಬಿಡಲೇಬೇಡಿ. ಇದು ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೂ ಹೇಳಿ ಮಾಡಿಸಿದ ಜೋಡಿ. ಆ ಹೊತ್ತಿಗೆ ಚಳಿಯೂ ಹಿಡಿದಿರುತ್ತದೆ.

ಹೊಗೆ ಬರುವ ಬಿಸ್ಕೆಟ್ ಕೊಡಿಸು ಅಂತ ಮಕ್ಕಳು ಕೇಳಿದರೆ ಬೇಡ ಅನ್ನಿ. ಆ ಹೊಗೆ ಬರುವುದು ದ್ರವ ಸಾರಜನಕದಿಂದ, ಅದು ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುತ್ತದೆ. ಅದು ಪೂರ್ತಿ ಆವಿಯಾಗದೆ ಹೊಟ್ಟೆಗೆ ಹೋದರೆ ಅಪಾಯ. ಅದಕ್ಕೆ ಜೋಡಿಯಾಗುವ ಪಾನೀಯ ಯಾವುದೂ ಇಲ್ಲ.

ಹಂತ 8: ಬೊಂಬಾಯಿ ಮಿಠಾಯಿಗೆ ಬರೀ ನೀರು

ಯಂತ್ರದಲ್ಲಿ ಸುತ್ತಿದ ಬೊಂಬಾಯಿ ಮಿಠಾಯಿ ಹುಟ್ಟಾ ಪ್ರದರ್ಶನದ ತಿಂಡಿ. ಅಮೆರಿಕದ ದಂತವೈದ್ಯ ವಿಲಿಯಂ ಮಾರಿಸನ್, ಮಿಠಾಯಿ ತಯಾರಕ ಜಾನ್ ವಾರ್ಟನ್ ಸೇರಿ 1897ರಲ್ಲಿ ಅದರ ಯಂತ್ರ ಮಾಡಿದರು. 1904ರ ಸೇಂಟ್ ಲೂಯಿಸ್ ವಿಶ್ವ ಪ್ರದರ್ಶನದಲ್ಲಿ 65 ಸಾವಿರಕ್ಕೂ ಹೆಚ್ಚು ಪೊಟ್ಟಣ ಮಾರಿದರು. ಅಲ್ಲಿಂದ ಅದು ಲೋಕದ ಎಲ್ಲ ಜಾತ್ರೆಗೂ ಹರಡಿತು.

ಇದರಲ್ಲಿ ಸಕ್ಕರೆ ಬಿಟ್ಟರೆ ಬೇರೇನೂ ಇಲ್ಲ. ಬಿಳಿಯದು ಸಿಕ್ಕರೆ ಬಿಳಿಯದನ್ನೇ ಕೊಡಿಸಿ. ಜೊತೆಗೆ ಕೋಲಾ ಕೊಡಿಸಬೇಡಿ. ನೂರು ಮಿಲಿ ಕೋಲಾದಲ್ಲೇ ಹೆಚ್ಚುಕಮ್ಮಿ 10 ಗ್ರಾಂ ಸಕ್ಕರೆ ಇರುತ್ತದೆ. ನೀರು ಕುಡಿಸಿ, ಬಾಯಿ ಮುಕ್ಕಳಿಸಲು ಹೇಳಿ. ದೊಡ್ಡವರು ಮಕ್ಕಳ ಕೈಯಿಂದ ಒಂದು ಎಳೆ ಕಿತ್ತು ಬಾಯಿಗಿಟ್ಟು, ಸಕ್ಕರೆ ಇಲ್ಲದ ಸ್ಟ್ರಾಂಗ್ ಫಿಲ್ಟರ್ ಕಾಫಿ ಒಂದು ಗುಟುಕು ಕುಡಿದು ನೋಡಿ. ಕಾಫಿಯ ಕಹಿ, ಕರಗುವ ಸಕ್ಕರೆ ಎರಡೂ ಒಟ್ಟಿಗೆ ಬಂದಾಗ ಬಲು ಚೆನ್ನ.

ಹಂತ 9: ಕೊನೆಗೆ ಬಿಸಿ ಬಾದಾಮಿ ಹಾಲು

ಬಾದಾಮಿ ಹಾಲನ್ನು ಯಾವ ತಿಂಡಿಯ ಜೊತೆಗೂ ಕುಡಿಯಬೇಡಿ. ಅದು ಒಂಟಿಯಾಗಿಯೇ ಚೆನ್ನ. ಖಾರ, ಉಪ್ಪು ತಿಂದು ಅರ್ಧ ಗಂಟೆಯಾದರೂ ಕಳೆದಿರಲಿ. ದೊಡ್ಡ ಬಾಣಲೆಯಲ್ಲಿ ಕುದಿಯುತ್ತಾ ಕೆನೆಗಟ್ಟುತ್ತಿರುವ ಅಂಗಡಿ ಹುಡುಕಿ. ಪುಡಿ ಕಲಸಿ ಕೊಡುವ ಕಡೆ ಬೇಡ. ಏಲಕ್ಕಿ, ಕೇಸರಿಯ ಪರಿಮಳ ಬಿಸಿಯಲ್ಲೇ ಏಳುವುದು, ಅದಕ್ಕೇ ಚಳಿಗಾಲದ ರಾತ್ರಿ ತಣ್ಣನೆಯ ಬಾಟಲಿಗಿಂತ ಬಿಸಿಯದೇ ವಾಸಿ. ಕೆನೆ ಬೇಕಾ ಅಂತ ಕೇಳಿದರೆ ಹೂಂ ಅನ್ನಿ.

ಥೀಮ್ ಪಾರ್ಕ್‌ಗೆ ಹೋಗುವವರಿಗೆ

ಬಿಡದಿಯ ವಂಡರ್‌ಲಾದಂಥ ಕಡೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಇಡೀ ಹಗಲು ಬಿಸಿಲಿನಲ್ಲಿ ಆಡುತ್ತೀರಿ, ನೀರಿನಾಟವೂ ಇರುತ್ತದೆ. ಮೈ ಒದ್ದೆ ಇದ್ದಾಗ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಹೋಗಿದ್ದೂ ತಿಳಿಯುವುದಿಲ್ಲ. ಹಾಗಾಗಿ ಗಂಟೆಗೊಮ್ಮೆ ನೀರು ಕುಡಿಯಿರಿ. ಮಧ್ಯಾಹ್ನದ ಊಟದ ಜೊತೆ ಉಪ್ಪು ಹಾಕಿದ ಮಜ್ಜಿಗೆ ತೆಗೆದುಕೊಳ್ಳಿ. ಫ್ರೆಂಚ್ ಫ್ರೈಸ್‌ಗೆ ನಿಂಬೆ ಶರಬತ್ತು ಸಾಕು. ನೀರಿನಿಂದ ಎದ್ದು ನಡುಗುತ್ತಾ ಬಂದ ಮಕ್ಕಳಿಗೆ ಐಸ್‌ಕ್ರೀಂ ಬದಲು ಬಿಸಿ ಜೋಳ, ಬಿಸಿ ಹಾಲು ಕೊಡಿಸಿ. ಇಂಥ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಹೊರಗಿನ ತಿಂಡಿ, ಪಾನೀಯ ಒಳಗೆ ಬಿಡುವುದಿಲ್ಲ. ಮಜ್ಜಿಗೆ ಫ್ಲಾಸ್ಕ್ ಹೊತ್ತುಕೊಂಡು ಹೊರಡುವ ಮುಂಚೆ ಟಿಕೆಟ್ ಮೇಲಿನ ನಿಯಮ ಓದಿಕೊಳ್ಳಿ. ಪುಟ್ಟ ಮಕ್ಕಳ ಹಾಲಿನ ಬಾಟಲಿ, ಮಾತ್ರೆ ಇವಕ್ಕೆ ವಿನಾಯಿತಿ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.